ಬಫಿಯನ್ನು ಮತ್ತೆ ನೋಡುವವರಿಗೆ: ಪಾತ್ರಗಳ ಉದ್ದೇಶವನ್ನು ತೂಗಿ ನೋಡುವ ಬಗೆ

ಕಥೆ ಪೂರ್ತಿ ಗೊತ್ತಿರುವ ಸರಣಿಯನ್ನು ಮತ್ತೆ ಹಾಕಿಕೊಂಡು ಕೂತಾಗ ‘ಮುಂದೇನಾಗುತ್ತೆ’ ಅನ್ನುವ ಆತುರ ಇರುವುದಿಲ್ಲ. ಯಾರು ಸಾಯುತ್ತಾರೆ, ಯಾರು ತಿರುಗಿಬೀಳುತ್ತಾರೆ, ಎಲ್ಲ ಗೊತ್ತು. ಆಗ ಕಣ್ಣು ತಾನಾಗಿ ಬೇರೆ ಕಡೆ ಹೋಗುತ್ತದೆ. ಇವಳು ಈ ಮಾತು ಯಾಕೆ ಹೇಳಿದಳು? ಅವನು ಆ ಸತ್ಯ ಯಾಕೆ ಮುಚ್ಚಿಟ್ಟ? ಮೊದಲ ಸಲ ಓಡುವ ಕಥೆಯ ಹಿಂದೆ ನಾವೂ ಓಡುತ್ತಿರುತ್ತೇವೆ, ಇಂಥ ಪ್ರಶ್ನೆಗಳ ಎದುರು ನಿಲ್ಲಲು ಪುರುಸೊತ್ತಿರುವುದಿಲ್ಲ.

ಅತಿಮಾನುಷ ಕಥೆಗಳಲ್ಲಿ ಈ ಪ್ರಶ್ನೆ ಇನ್ನೂ ಜಟಿಲ. ಆತ್ಮ ಕಳೆದುಕೊಂಡವನು ಮಾಡಿದ ಕೊಲೆ ಯಾರ ತಲೆಗೆ? ಮಂತ್ರಶಕ್ತಿ ನೆತ್ತಿಗೇರಿದಾಗ ಮಾಡಿದ್ದು ಅವಳ ಇಚ್ಛೆಯೋ, ಮಂತ್ರದ ಕೆಲಸವೋ? ಎಲ್ಲ ತಪ್ಪನ್ನೂ ದೆವ್ವದ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ದೆವ್ವವನ್ನೇ ಮರೆತು ಎಲ್ಲರಿಗೂ ಒಂದೇ ಶಿಕ್ಷೆ ವಿಧಿಸುವುದೂ ಸುಲಭ. ಎರಡೂ ಆ ಪಾತ್ರಗಳಿಗೆ ಮಾಡುವ ಅನ್ಯಾಯ. ಆ ಗಳಿಗೆಯಲ್ಲಿ ಆ ಪಾತ್ರಕ್ಕೆ ಏನು ಗೊತ್ತಿತ್ತು, ಅದರ ಕೈಯಲ್ಲಿ ಎಷ್ಟು ಆಯ್ಕೆ ಉಳಿದಿತ್ತು ಎಂಬ ಎರಡನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು, ಉದ್ದೇಶದ ಮಾತು ಆಮೇಲೆ. ಈ ಲೇಖನದ ಎಲ್ಲ ಹೆಜ್ಜೆಗಳೂ ಇದೊಂದು ನಂಬಿಕೆಯ ಮೇಲೆ ನಿಂತಿವೆ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ‘ಬಫಿ ದ ವ್ಯಾಂಪೈರ್ ಸ್ಲೇಯರ್’. ಅಮೆರಿಕದಲ್ಲಿ 1997ರ ಮಾರ್ಚ್ 10ರಿಂದ 2003ರ ಮೇ 20ರವರೆಗೆ ಪ್ರಸಾರವಾದ ಸರಣಿ, 7 ಸೀಸನ್, 144 ಕಂತು. ಕ್ಯಾಲಿಫೋರ್ನಿಯಾದ ಸನ್ನಿಡೇಲ್ ಎಂಬ ಕಾಲ್ಪನಿಕ ಊರು, ನರಕದ ಬಾಯಿಯ ಮೇಲೆ ಕಟ್ಟಿದ ಹೈಸ್ಕೂಲು, ರಕ್ತಪಿಶಾಚಿಗಳನ್ನು ಕೊಲ್ಲಲು ಹುಟ್ಟಿದ ಹುಡುಗಿ. ಹೊರಗಿನ ರೂಪ ಇಷ್ಟು ಸರಳವಾದರೂ ಒಳಗೆ ತಕರಾರಿಗೆ ಎಡೆಯಿಲ್ಲದ ಪಾತ್ರವೇ ಇಲ್ಲ. ಇದು ಎರಡನೇ ಸಲ ನೋಡುವವರಿಗೆ ಬರೆದದ್ದು, ಕೊನೆಯವರೆಗಿನ ಕಥೆಯೆಲ್ಲ ಇಲ್ಲಿ ಬಯಲಾಗುತ್ತದೆ. ಇನ್ನೂ ನೋಡಿಲ್ಲದವರು ದಯವಿಟ್ಟು ಮೊದಲು ಸರಣಿ ನೋಡಿ, ಆಮೇಲೆ ಬನ್ನಿ.

ಮೊದಲು: ಯಾವ ಪ್ರತಿ, ಯಾವ ಕ್ರಮ

ಪ್ರತಿಯ ವಿಷಯ ಚಿಕ್ಕದೆನಿಸಬಹುದು, ಆದರೆ ಮುಖಭಾವ ಓದಲು ಕೂತವರಿಗೆ ಇದು ಮುಖ್ಯ. ಬಫಿಯನ್ನು ಹಳೆಯ ಟಿವಿಯ 4:3 ಚೌಕಟ್ಟಿಗೆಂದು ಚಿತ್ರಿಸಲಾಗಿತ್ತು. ಮುಂದೆ ಅಗಲ ಪರದೆಗೆ ಹೊಂದಿಸಿದ ಎಚ್‌ಡಿ ಪ್ರತಿ ಬಂತು. ಅದರಲ್ಲಿ ಕೆಲವೆಡೆ ಚೌಕಟ್ಟಿನ ಮೇಲೆ ಕೆಳಗೆ ಕತ್ತರಿಸಿದ್ದಾರೆ, ಕೆಲವೆಡೆ ಬದಿಯಲ್ಲಿ ಚಿತ್ರೀಕರಣದ ತಂಡದವರೇ ಕಾಣುತ್ತಾರೆ, ರಾತ್ರಿಯೆಂದು ಬಣ್ಣ ತಿದ್ದಿದ್ದ ದೃಶ್ಯ ಹಗಲಿನಂತಾಗಿದೆ. ಇಬ್ಬರು ಮಾತಾಡುವಾಗ ಕೇಳಿಸಿಕೊಳ್ಳುವವರ ಗಲ್ಲವೋ ಕೈಯೋ ಚೌಕಟ್ಟಿನಾಚೆ ಹೋದರೆ, ನಾವು ಹುಡುಕುತ್ತಿರುವುದೇ ತಪ್ಪಿಹೋಗುತ್ತದೆ. ಡಿವಿಡಿ ಇದ್ದರೆ ಒಳ್ಳೆಯದು, ಇಲ್ಲವಾದರೆ 4:3 ಪ್ರತಿ ಎಲ್ಲಿ ಸಿಗುತ್ತದೋ ಅಲ್ಲಿ ನೋಡಿ.

ಕ್ರಮದ ಮಾತು ಇನ್ನೂ ಮುಖ್ಯ. ಬಫಿಯ 4ನೇ ಸೀಸನ್ ಶುರುವಾದ 1999ರಲ್ಲೇ ಬಫಿಯ ಪ್ರಿಯಕರನಾಗಿದ್ದ ಪಿಶಾಚಿ ಏಂಜಲ್ ನಾಯಕನಾದ ಕವಲು ಸರಣಿ ‘ಏಂಜಲ್’ ಕೂಡ ಶುರುವಾಯಿತು, 5 ಸೀಸನ್ ನಡೆದು 2004ರಲ್ಲಿ ಮುಗಿಯಿತು. ಬಫಿಯನ್ನು ಮಾತ್ರ ನೋಡಿದವರಿಗೆ ಬಫಿಯಂತೆಯೇ ಪಿಶಾಚಿಗಳನ್ನು ಕೊಲ್ಲುವ ಇನ್ನೊಬ್ಬ ಹುಡುಗಿ ಫೇತ್ ಅರ್ಧಂಬರ್ಧ ಸಿಗುತ್ತಾಳೆ. 3ನೇ ಸೀಸನ್‌ನ ‘ಬ್ಯಾಡ್ ಗರ್ಲ್ಸ್’ ಕಂತಿನಲ್ಲಿ ಅವಳು ಪಿಶಾಚಿಯೆಂದುಕೊಂಡು ಒಬ್ಬ ಮನುಷ್ಯನನ್ನು ಕೊಲ್ಲುತ್ತಾಳೆ, ಅಲ್ಲಿಂದ ಜಾರುತ್ತಾ ಹೋಗಿ ಊರಿನ ಮೇಯರ್‌ನ ಕೈಗೊಂಬೆಯಾಗುತ್ತಾಳೆ. 4ನೇ ಸೀಸನ್‌ನಲ್ಲಿ ಬಫಿಯ ದೇಹವನ್ನೇ ಕದ್ದು, ಅದು ಕೈತಪ್ಪಿದ ಮೇಲೆ ಓಡಿಹೋಗುತ್ತಾಳೆ. ಆಮೇಲೆ ಬಫಿಯ ಕಥೆಗೆ ಅವಳು ಮರಳಿ ಬರುವುದು ಕೊನೆಯ ಸೀಸನ್‌ನ ‘ಡರ್ಟಿ ಗರ್ಲ್ಸ್’ನಲ್ಲಿ, ಅದೂ ಪೂರ್ತಿ ಬದಲಾಗಿ. ಬದಲಾದದ್ದು ಎಲ್ಲಿ? ಏಂಜಲ್ ಸರಣಿಯ ಮೊದಲ ಸೀಸನ್‌ನ ‘ಫೈವ್ ಬೈ ಫೈವ್’ ಮತ್ತು ‘ಸ್ಯಾಂಕ್ಚುಯರಿ’ ಕಂತುಗಳಲ್ಲಿ. ಮಳೆಯಲ್ಲಿ ಏಂಜಲ್‌ನನ್ನು ಹೊಡೆಯುತ್ತಾ ಹೊಡೆಯುತ್ತಾ, ತನ್ನನ್ನು ಕೊಂದುಬಿಡು ಎಂದು ಅಳುವ ಹುಡುಗಿ ಅಲ್ಲಿದ್ದಾಳೆ. ಕೊನೆಗೆ ಅವಳೇ ಹೋಗಿ ಪೊಲೀಸರಿಗೆ ಶರಣಾಗುತ್ತಾಳೆ. ಇದನ್ನು ನೋಡದೆ ಫೇತ್ ಬಗ್ಗೆ ತೀರ್ಪು ಕೊಡುವುದು ಅರ್ಧ ಸಾಕ್ಷಿ ಕೇಳಿ ಎದ್ದುಬಂದಂತೆ. ಆದ್ದರಿಂದ 4ನೇ ಸೀಸನ್‌ನಿಂದ ಎರಡೂ ಸರಣಿಗಳನ್ನು ಪ್ರಸಾರವಾದ ಕ್ರಮದಲ್ಲೇ ಒಂದಾದ ಮೇಲೊಂದು ಕಂತು ಹಾಕಿಕೊಂಡು ನೋಡಿ.

ಪ್ರತಿ ಕಂತಿನ ಮೊದಲು ಬರುವ ‘ಹಿಂದಿನ ಕಂತುಗಳಲ್ಲಿ’ ಭಾಗವನ್ನು ದಾಟಿಸಬೇಡಿ. ಯಾವ ಹಳೆಯ ಗಾಯ ಈ ಕಂತಿನಲ್ಲಿ ಮಿಸುಕುತ್ತದೆ ಎಂದು ಬರಹಗಾರರೇ ಅಲ್ಲಿ ಬೊಟ್ಟು ಮಾಡಿರುತ್ತಾರೆ.

ಆ ಲೋಕದ ಕಾನೂನನ್ನು ಬರೆದಿಟ್ಟುಕೊಳ್ಳಿ

ಒಂದು ನೋಟ್‌ಬುಕ್ ಇರಲಿ. ಮೊದಲ ಪುಟದಲ್ಲಿ, ಈ ಕಥೆಯ ಲೋಕದಲ್ಲಿ ಯಾವುದು ಪಾತ್ರದ ಇಚ್ಛೆಯನ್ನು ಕಟ್ಟಿಹಾಕುತ್ತದೆ, ಯಾವುದು ಬಿಡಿಸುತ್ತದೆ ಎಂದು ಬರೆಯಿರಿ. ಬಫಿಯಲ್ಲಿ ಪಿಶಾಚಿಯಾದವರಿಗೆ ಆತ್ಮ ಇರುವುದಿಲ್ಲ, ನೆನಪು ಮತ್ತು ಸ್ವಭಾವದ ಚೂರುಗಳು ಮಾತ್ರ ಉಳಿದಿರುತ್ತವೆ. ಏಂಜಲ್‌ಗೆ ಆತ್ಮ ಮರಳಿ ಬಂದದ್ದು 1898ರಲ್ಲಿ, ಒಂದು ರೋಮಾ ಕುಲ ಹಾಕಿದ ಶಾಪದಿಂದ. ಅವನು ಕೊಂದ ತಮ್ಮ ಹುಡುಗಿಗಾಗಿ ಅವನು ಸದಾ ಬೇಯಲಿ ಎಂಬುದು ಆ ಶಾಪದ ಆಶಯ. ಒಂದು ಗಳಿಗೆಯ ನಿಜವಾದ ಸುಖ ಸಿಕ್ಕಿದರೆ ಆತ್ಮ ಮತ್ತೆ ಹೋಗುತ್ತದೆ. ಇನ್ನೊಬ್ಬ ಪಿಶಾಚಿ ಸ್ಪೈಕ್‌ನ ತಲೆಯಲ್ಲಿ 4ನೇ ಸೀಸನ್‌ನಿಂದ ಒಂದು ಚಿಪ್ ಇದೆ, ಮನುಷ್ಯರಿಗೆ ಕೈಯೆತ್ತಿದರೆ ಸಹಿಸಲಾಗದ ನೋವು. ಆತ್ಮ, ಶಾಪ, ಚಿಪ್, ಮೂರೂ ಬೇರೆ ಬೇರೆ ಬಗೆಯ ಕಟ್ಟುಗಳು. ಆತ್ಮ ಒಳಗಿನಿಂದ ಚುಚ್ಚುತ್ತದೆ, ಚಿಪ್ ಹೊರಗಿನಿಂದ ಹೊಡೆಯುತ್ತದೆ. ಹೊಡೆತಕ್ಕೆ ಹೆದರಿ ಸುಮ್ಮನಿದ್ದವನನ್ನು ಒಳ್ಳೆಯವನು ಅನ್ನಲಾಗದು.

ನೀವು ಬೇರೆ ಸರಣಿ ನೋಡುತ್ತಿದ್ದರೆ ಈ ಪುಟವೂ ಬೇರೆಯಾಗುತ್ತದೆ. ‘ದ ವ್ಯಾಂಪೈರ್ ಡೈರೀಸ್’ನಲ್ಲಿ (2009–2017) ಪಿಶಾಚಿಗಳು ತಮ್ಮ ಭಾವನೆಗಳನ್ನೇ ಸ್ವಿಚ್ ಒತ್ತಿದಂತೆ ಆರಿಸಿಕೊಳ್ಳಬಲ್ಲರು. ಅಲ್ಲಿ ಭಾವನೆ ಆರಿದ ಮೇಲಿನ ಕ್ರೌರ್ಯಕ್ಕಿಂತ, ಆರಿಸಿಕೊಳ್ಳಲು ತೀರ್ಮಾನಿಸಿದ ಆ ಕ್ಷಣವನ್ನು ತೂಗಬೇಕು, ಏಕೆಂದರೆ ಆ ಹೊತ್ತಿನಲ್ಲಿ ಅವರಿಗೆ ಭಾವನೆ ಇತ್ತು. ‘ಸೂಪರ್‌ನ್ಯಾಚುರಲ್’ನಲ್ಲಿ (2005–2020) ದೆವ್ವ ಮೈಹೊಕ್ಕವನು ತನ್ನ ಕೈ ಮಾಡುತ್ತಿರುವುದನ್ನು ಒಳಗಿನಿಂದ ನೋಡುತ್ತಾ ಕೂರಬೇಕಾಗಬಹುದು, ಆದರೆ ಅದೇ ಸರಣಿಯ 2ನೇ ಸೀಸನ್‌ನ ಕೊನೆಯಲ್ಲಿ ತಮ್ಮ ಸ್ಯಾಮ್‌ನನ್ನು ಬದುಕಿಸಲು ಡೀನ್ ಒಂದು ವರ್ಷದ ಗಡುವಿಗೆ ತನ್ನ ಆತ್ಮವನ್ನೇ ಮಾರುವಾಗ ಯಾವ ದೆವ್ವವೂ ಅವನ ಮೈಮೇಲಿಲ್ಲ. ಆ ವ್ಯಾಪಾರ ಪೂರ್ತಿ ಅವನದು.

ಯಾರಿಗೆ ಏನು ಗೊತ್ತು, ಆ ಗಳಿಗೆಯಲ್ಲಿ

ಮರುನೋಟದ ಅತಿದೊಡ್ಡ ಅಪಾಯ ನಮ್ಮ ಜ್ಞಾನವೇ. ನಮಗೆ ಗೊತ್ತಿರುವುದು ಪಾತ್ರಕ್ಕೂ ಗೊತ್ತಿತ್ತು ಎಂದು ಮನಸ್ಸು ಸದ್ದಿಲ್ಲದೆ ಅಂದುಕೊಂಡುಬಿಡುತ್ತದೆ. ಆದ್ದರಿಂದ ದೊಡ್ಡ ನಿರ್ಧಾರದ ದೃಶ್ಯ ಬಂದಾಗ ಪಾಜ್ ಒತ್ತಿ, ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆಯಿರಿ. ಇವರಿಗೆ ಈಗ ಏನು ಗೊತ್ತು? ಏನು ಗೊತ್ತಿಲ್ಲ?

ಜೆನ್ನಿ ಕ್ಯಾಲೆಂಡರ್‌ಳನ್ನು ತೆಗೆದುಕೊಳ್ಳಿ. ಶಾಲೆಯ ಕಂಪ್ಯೂಟರ್ ಟೀಚರ್, ಬಫಿಯ ಮಾರ್ಗದರ್ಶಿ ಜೈಲ್ಸ್‌ನ ಪ್ರೇಯಸಿ. ಶಾಪ ಹಾಕಿದ ಕುಲದವಳೇ, ಏಂಜಲ್ ಮೇಲೆ ಕಣ್ಣಿಡಲು ಬಂದವಳು ಎಂದು 2ನೇ ಸೀಸನ್ ನಡುವೆ ಗೊತ್ತಾಗುತ್ತದೆ. ಏಂಜಲ್ ಆತ್ಮ ಕಳೆದುಕೊಂಡ ಮೇಲೆ ಎಲ್ಲರ ಸಿಟ್ಟೂ ಅವಳ ಮೇಲೆ. ಆದರೆ ‘ಇನೊಸೆನ್ಸ್’ ಕಂತನ್ನು ನಿಧಾನವಾಗಿ ನೋಡಿ. ಸುಖದ ಗಳಿಗೆಯಲ್ಲಿ ಶಾಪ ಮುರಿಯುತ್ತದೆ ಎಂಬ ಷರತ್ತನ್ನು ಅವಳ ಕುಲದ ಹಿರಿಯ ಅವಳಿಗೆ ಬಿಡಿಸಿ ಹೇಳುವುದು ಅನಾಹುತ ಆದ ಮೇಲೆ, ಕೇಳಿ ಅವಳೇ ದಿಗಿಲುಬೀಳುತ್ತಾಳೆ. ಹಾಗಾದರೆ ಅವಳ ತಪ್ಪು ಯಾವುದು? ತಾನು ಯಾರೆಂದು ಮುಚ್ಚಿಟ್ಟದ್ದು. ಅದು ಸಣ್ಣದಲ್ಲ, ಆದರೆ ಬಫಿ ಅವಳ ಕುತ್ತಿಗೆಗೆ ಕೈಹಾಕುವಾಗ ಹೊರಿಸುತ್ತಿರುವ ತಪ್ಪು ಅದಕ್ಕಿಂತ ಬಹಳ ದೊಡ್ಡದು. ಬಫಿಗೂ ಇದು ಆಗ ಗೊತ್ತಿಲ್ಲ ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ.

ಏಂಜಲ್ ಸರಣಿಯ ‘ಐ ವಿಲ್ ರಿಮೆಂಬರ್ ಯು’ ಕಂತು ಇನ್ನೂ ನೋವಿನದು. ಅವನು ಒಂದು ದಿನ ಮನುಷ್ಯನಾಗುತ್ತಾನೆ, ಬಫಿಯ ಜೊತೆ ಆ ದಿನ ಕಳೆಯುತ್ತಾನೆ, ಆಮೇಲೆ ತಾನೇ ಕೇಳಿಕೊಂಡು ಆ ದಿನವನ್ನು ಅಳಿಸಿಹಾಕಿಸುತ್ತಾನೆ. ನೆನಪು ಅವನಿಗೆ ಮಾತ್ರ ಉಳಿಯುತ್ತದೆ. ಅಂದಿನಿಂದ ಇಬ್ಬರೂ ಎದುರಾಗುವ ಪ್ರತಿ ದೃಶ್ಯದಲ್ಲೂ ಅವನ ಲೆಕ್ಕ ಬೇರೆ, ಅವಳ ಲೆಕ್ಕ ಬೇರೆ. ಅವಳ ಸಿಡುಕನ್ನು ಕಲ್ಲು ಮನಸ್ಸು ಎಂದು ಓದುವ ಮುನ್ನ ಇದನ್ನು ನೆನಪಿಸಿಕೊಳ್ಳಿ.

6ನೇ ಸೀಸನ್‌ನಲ್ಲಿ ಈ ಅಭ್ಯಾಸ ತುಂಬ ಕೆಲಸಕ್ಕೆ ಬರುತ್ತದೆ. ಸತ್ತ ಬಫಿಯನ್ನು ಅವಳ ಗೆಳತಿ ವಿಲೋ ಮಂತ್ರದಿಂದ ಎಬ್ಬಿಸುತ್ತಾಳೆ. ಬಫಿ ಇದ್ದದ್ದು ಸ್ವರ್ಗದಂಥ ನೆಮ್ಮದಿಯಲ್ಲಿ ಎಂದು ನಮಗೆ ಗೊತ್ತು. ‘ಆಫ್ಟರ್ ಲೈಫ್’ನ ಕೊನೆಯಲ್ಲಿ ಅವಳು ಅದನ್ನು ಸ್ಪೈಕ್ ಒಬ್ಬನಿಗೆ ಹೇಳುತ್ತಾಳೆ, ಗೆಳೆಯರಿಗೆ ತಿಳಿಯುವುದು ಹಾಡುಗಳ ಕಂತಿನಲ್ಲಿ. ವಿಲೋಗೆ ಗೊತ್ತಿದ್ದದ್ದು ಇಷ್ಟು: ಬಫಿ ಸಹಜವಾಗಿ ಸತ್ತಿಲ್ಲ, ಲೋಕಗಳ ನಡುವಿನ ಬಾಗಿಲಿಗೆ ಹಾರಿ ಸತ್ತಿದ್ದಾಳೆ, ಹಿಂದೆ ಏಂಜಲ್ ಅಂಥದೇ ಬಾಗಿಲಿನಿಂದ ನರಕಕ್ಕೆ ಬಿದ್ದಿದ್ದ. ಗೆಳತಿ ನರಕದಲ್ಲಿ ನರಳುತ್ತಿರಬಹುದೆಂಬ ಭಯ ಅಸಂಬದ್ಧವೇನಲ್ಲ.

ಇಷ್ಟಕ್ಕೇ ನಿಂತರೆ ವಿಲೋ ನಿರ್ದೋಷಿ. ನಿಲ್ಲಬೇಡಿ, ‘ಬಾರ್ಗೇನಿಂಗ್’ ಕಂತಿಗೆ ಹಿಂದೆ ಹೋಗಿ. ಮಂತ್ರಕ್ಕೆ ಬೇಕಾದ ರಕ್ತಕ್ಕಾಗಿ ವಿಲೋ ಕಾಡಿನಲ್ಲಿ ಒಂದು ಜಿಂಕೆಮರಿಯನ್ನು ಮುದ್ದಿನಿಂದ ಹತ್ತಿರ ಕರೆದು ಕೊಲ್ಲುತ್ತಾಳೆ. ಅದು ಎಲ್ಲಿಂದ ಸಿಕ್ಕಿತು ಎಂದು ಪ್ರೇಯಸಿ ತಾರಾ ಕೇಳಿದರೆ ಸುಳ್ಳು ಹೇಳುತ್ತಾಳೆ. ಗೆಳತಿಯನ್ನು ಉಳಿಸುವುದಷ್ಟೇ ಮನಸ್ಸಿನಲ್ಲಿದ್ದರೆ, ತನ್ನನ್ನು ಇಷ್ಟು ಪ್ರೀತಿಸುವ ತಾರಾಳಿಂದ ಅದನ್ನು ಮುಚ್ಚಿಡಬೇಕೇಕೆ? ಜೈಲ್ಸ್‌ಗೂ ಒಂದು ಮಾತು ಹೇಳಿಲ್ಲ. ಆಮೇಲೆ ‘ಫ್ಲಡೆಡ್’ ಕಂತಿನ ಅಡುಗೆಮನೆಯಲ್ಲಿ ಜೈಲ್ಸ್ ಗದರಿದಾಗ ಅವಳ ಮುಖದಲ್ಲಿ ಮೊದಲು ಬೇಸರ, ನಂತರ ಬೇರೇನೋ ಬರುತ್ತದೆ. ದನಿ ತಗ್ಗಿಸಿ, ನನ್ನನ್ನು ಕೆಣಕದಿರುವುದು ಒಳ್ಳೆಯದು ಅನ್ನುವ ಧಾಟಿಯಲ್ಲಿ ಅವನಿಗೇ ಎಚ್ಚರಿಕೆ ಕೊಡುತ್ತಾಳೆ. ಮೆಚ್ಚುಗೆ ನಿರೀಕ್ಷಿಸಿದ್ದವಳ ಸಿಟ್ಟು ಅದು. ಭಯವೂ ನಿಜ, ಹಮ್ಮೂ ನಿಜ. ಸುಳ್ಳು ಎಲ್ಲಿ ಬಂತೋ ಅಲ್ಲಿ ಗುರುತು ಹಾಕುವುದನ್ನು ರೂಢಿ ಮಾಡಿಕೊಳ್ಳಿ. ಪಾತ್ರ ಯಾರಿಗೆ ಸುಳ್ಳು ಹೇಳುತ್ತದೆ ಎಂಬುದರಲ್ಲಿ ಅದರ ಉದ್ದೇಶ ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ.

ಒಂದು ದೃಶ್ಯವನ್ನು ಹಿಡಿದು ಕೂರಿ

ಎಲ್ಲ ಕಂತನ್ನೂ ಇಷ್ಟು ಬಿಡಿಸಿ ನೋಡಲಾಗದು, ನೋಡಬೇಕಾಗಿಯೂ ಇಲ್ಲ. ಸೀಸನ್‌ಗೆ ಒಂದೋ ಎರಡೋ ದೃಶ್ಯ ಆರಿಸಿಕೊಂಡು ಅದನ್ನು ಪೂರ್ತಿ ಜಾಲಾಡಿ. ನನ್ನ ಆಯ್ಕೆ 2ನೇ ಸೀಸನ್‌ನ ಕೊನೆಯ ಕಂತು, ‘ಬಿಕಮಿಂಗ್’ನ ಎರಡನೇ ಭಾಗ. ಆ ಸೀಸನ್‌ನ ಅತಿ ದೊಡ್ಡ ಪ್ರಶ್ನೆ ಅಲ್ಲಿ ಒಂದು ಸಣ್ಣ ತಡವರಿಕೆಯಲ್ಲಿ ಅಡಗಿದೆ.

ಸಂದರ್ಭ ಹೀಗಿದೆ. ಆತ್ಮವಿಲ್ಲದ ಏಂಜಲ್ ಲೋಕವನ್ನೇ ನರಕಕ್ಕೆ ಎಳೆಯುವ ಬಾಗಿಲು ತೆರೆಯಲಿದ್ದಾನೆ, ತೆರೆದರೆ ಮುಚ್ಚಲು ಅವನ ರಕ್ತವೇ ಬೇಕು. ಆಸ್ಪತ್ರೆಯ ಹಾಸಿಗೆಯಲ್ಲಿ ಎಚ್ಚರವಾದ ವಿಲೋ, ಅವನ ಆತ್ಮ ಮರಳಿ ತರುವ ಮಂತ್ರವನ್ನು ಇನ್ನೊಮ್ಮೆ ಪ್ರಯತ್ನಿಸುತ್ತೇನೆ, ಬಫಿಗೆ ತಿಳಿಸು ಎಂದು ಗೆಳೆಯ ಝ್ಯಾಂಡರ್‌ನನ್ನು ಕಳಿಸುತ್ತಾಳೆ. ಕೈಯಲ್ಲೊಂದು ಕಲ್ಲು ಹಿಡಿದು ಅವನು ದಾರಿಯಲ್ಲಿ ಬಫಿಯನ್ನು ಸೇರಿಕೊಳ್ಳುತ್ತಾನೆ. ವಿಲೋ ನಿನಗೆ ಹೇಳಲು ಹೇಳಿದ್ದಾಳೆ ಎಂದು ಶುರು ಮಾಡುತ್ತಾನೆ. ನಿಲ್ಲುತ್ತಾನೆ. ಆಮೇಲೆ ಬಾಯಿಂದ ಬರುವುದು ಮಂತ್ರದ ಸುದ್ದಿಯಲ್ಲ, ಅವನನ್ನು ಸದೆಬಡಿ ಅನ್ನುವ ಅರ್ಥದ ಮಾತು. ಬಫಿ ಮುಂದೆ ನಡೆಯುತ್ತಾಳೆ. ಆತ್ಮ ಮರಳುತ್ತದೆ, ಆದರೆ ಬಾಗಿಲು ಆಗಲೇ ತೆರೆದಿದೆ. ತನ್ನವನಾಗಿ ಮರಳಿ ಬಂದವನನ್ನೇ ಅವಳು ಕತ್ತಿಯಿಂದ ಇರಿಯಬೇಕಾಗುತ್ತದೆ.

ಈ ದೃಶ್ಯವನ್ನು ಮೊದಲು ಶಬ್ದವಿಲ್ಲದೆ ನೋಡಿ. ನಟ ನಿಕೊಲಸ್ ಬ್ರೆಂಡನ್‌ನ ಮುಖ ಆ ತಡೆಯಲ್ಲಿ ಏನು ಮಾಡುತ್ತದೆ ನೋಡಿ. ಮಾತು ಮರೆತವನ ಮುಖವಲ್ಲ, ತೀರ್ಮಾನ ಮಾಡುತ್ತಿರುವವನ ಮುಖ. ಮುಂಚೆಯೇ ಯೋಚಿಸಿ ಬಂದಿದ್ದರೆ ಆ ತಡೆ ಇರುತ್ತಿರಲಿಲ್ಲ ಎಂದು ನನಗನಿಸುತ್ತದೆ. ಇನ್ನು ಕಾರಣಗಳು. ಬಫಿ ಕಾದಾಡುವಾಗ ಮಂತ್ರ ಫಲಿಸಲೆಂದು ಕೈ ತಡೆದರೆ ಅವಳೂ ಸಾಯುತ್ತಾಳೆ, ಲೋಕವೂ ಹೋಗುತ್ತದೆ. ಇದು ಅವನ ಪರವಾಗಿ ಹೇಳಬಹುದಾದ ಕಾರಣ, ಗಟ್ಟಿಯೇ ಇದೆ. ಎರಡನೆಯದು, ಆತ್ಮವಿಲ್ಲದ ಏಂಜಲ್ ಮಾಡಿದ ಜೆನ್ನಿಯ ಕೊಲೆ. ಇದೇ ಕಥೆಯ ಮೊದಲ ಭಾಗದಲ್ಲಿ, ಜೆನ್ನಿಯನ್ನು ಕೊಂದವನನ್ನು ಮರಳಿ ಪಡೆಯುವ ಆಸೆಗೆ ಆ ಸಾವನ್ನೇ ಮರೆಯುತ್ತೀಯಾ ಎಂದು ಅವನು ಬಫಿಯನ್ನು ಎಲ್ಲರೆದುರು ಚುಚ್ಚುತ್ತಾನೆ. ಆ ಸಿಟ್ಟೂ ನ್ಯಾಯವಾದದ್ದೇ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಫಿಯನ್ನು ಮೊದಲ ಸೀಸನ್‌ನಿಂದ ಪ್ರೀತಿಸಿ ನಿರಾಕರಣೆ ಕಂಡ ಹುಡುಗ ಅವನು, ಏಂಜಲ್ ಮೇಲಿನ ಹೊಟ್ಟೆಕಿಚ್ಚನ್ನು ಎಂದೂ ಪೂರ್ತಿ ಮುಚ್ಚಿಟ್ಟವನಲ್ಲ.

ಮೂರರಲ್ಲಿ ಯಾವುದು? ಇಂಥಲ್ಲಿ ನಾನು ಬಳಸುವ ಪರೀಕ್ಷೆ ಸರಳ: ಕಾರಣ ಶುದ್ಧವಾಗಿದ್ದರೆ ಅದನ್ನು ನಂತರವಾದರೂ ಹೇಳಿಕೊಳ್ಳಲು ಏನು ತೊಂದರೆ? ಬಫಿಯನ್ನು ಉಳಿಸಲೆಂದು ಮುಚ್ಚಿಟ್ಟಿದ್ದರೆ, ಅಪಾಯ ಕಳೆದ ಮೇಲೆ ಹೇಳಬಹುದಿತ್ತು. ಅವನು ಹೇಳಲಿಲ್ಲ. 2002ರಲ್ಲಿ, 7ನೇ ಸೀಸನ್‌ನ ‘ಸೆಲ್ಫ್‌ಲೆಸ್’ ಕಂತಿನಲ್ಲಿ, ಮತ್ತೆ ಸೇಡಿನ ದೆವ್ವವಾದ ಆನ್ಯಾಳನ್ನು ಕೊಲ್ಲಲೇಬೇಕೆಂದು ಬಫಿ ಹೊರಟಾಗ ಆ ಹಳೆಯ ಮಾತು ಎದ್ದುಬರುತ್ತದೆ. ನಾನು ಹಾಗೆ ಹೇಳಿಯೇ ಇಲ್ಲ ಎಂದು ವಿಲೋ ಅನ್ನುತ್ತಾಳೆ, ಜಗಳದ ಬಿಸಿಯಲ್ಲಿ ಆ ಮಾತು ಹಾಗೇ ಕೊಚ್ಚಿಹೋಗುತ್ತದೆ. ಅಷ್ಟು ವರ್ಷ ಅವನು ಬಾಯಿಬಿಟ್ಟಿಲ್ಲ ಎಂದು ಆಗಲೇ ನಮಗೆ ಖಚಿತವಾಗುವುದು. ಈಗ ಸಾಯಬೇಕಾದವಳು ಅವನು ಪ್ರೀತಿಸುವ ಆನ್ಯಾ, ಈಗ ಅವನಿಗೆ ಕರುಣೆ ಬೇಕು. ಹೀಗಾಗಿ ನನ್ನ ತೀರ್ಪು: ಯುದ್ಧದ ಲೆಕ್ಕ ಅವನ ಮನಸ್ಸಿನಲ್ಲಿ ಇದ್ದದ್ದು ನಿಜ, ಆದರೆ ಅದಷ್ಟೇ ಇದ್ದಿದ್ದರೆ ಅದು ಇಷ್ಟು ವರ್ಷ ಗುಟ್ಟಾಗಿ ಉಳಿಯುತ್ತಿರಲಿಲ್ಲ. ನೀವು ಒಪ್ಪದಿರಬಹುದು. ಒಪ್ಪದಿದ್ದರೆ ನಿಮ್ಮ ಕಾರಣವನ್ನು ಇದೇ ದೃಶ್ಯಗಳಿಂದ ಎತ್ತಿ ತೋರಿಸಿ, ‘ಅವನು ಅಂಥವನಲ್ಲ’ ಎಂಬ ಮಾತು ಸಾಲದು.

ಕಟ್ಟು ಬಿಚ್ಚಿದಾಗ ಏನು ಮಾಡಿದ

ಸ್ಪೈಕ್‌ನ ವಿಷಯದಲ್ಲಿ ಅಭಿಮಾನಿಗಳು ಇಂದಿಗೂ ಎರಡು ಬಣ. ಅವನನ್ನು ತೂಗುವುದು ಕಷ್ಟ, ಏಕೆಂದರೆ 4ರಿಂದ 6ನೇ ಸೀಸನ್‌ವರೆಗೆ ಚಿಪ್ ಅವನನ್ನು ತಡೆದಿದೆ. ಮನುಷ್ಯರನ್ನು ಕೊಲ್ಲದಿರುವುದು ಅವನ ಒಳ್ಳೆಯತನಕ್ಕೆ ಸಾಕ್ಷಿಯಾಗದು. ಸಾಕ್ಷಿ ಬೇಕಾದರೆ ಚಿಪ್ ಸಂಬಂಧವೇ ಇಲ್ಲದ, ಲಾಭವೂ ಇಲ್ಲದ ಜಾಗ ಹುಡುಕಬೇಕು.

5ನೇ ಸೀಸನ್‌ನ ‘ಇಂಟರ್ವೆನ್ಷನ್’ ಅಂಥ ಜಾಗ. ಆ ಸೀಸನ್‌ನ ಖಳನಾಯಕಿ ಗ್ಲೋರಿ ಅವನನ್ನು ಕಟ್ಟಿಹಾಕಿ ಹಿಂಸಿಸುತ್ತಾಳೆ, ಅವಳಿಗೆ ಬೇಕಾದ ‘ಕೀಲಿ’ ಬಫಿಯ ತಂಗಿ ಡಾನ್ ಎಂಬ ಗುಟ್ಟು ಅವನಿಗೆ ಗೊತ್ತು. ಹೇಳಿದರೆ ಚಿಪ್ ತಡೆಯುವುದಿಲ್ಲ. ಹೇಳದಿದ್ದರೆ ಸಾವು. ಅವನು ಹೇಳುವುದಿಲ್ಲ. ಡಾನ್‌ಗೆ ಏನಾದರೂ ಆದರೆ ಬಫಿ ಪಡುವ ಸಂಕಟ ತಾನು ನೋಡಲಾರೆ ಎಂಬುದು ಆಮೇಲೆ ಅವನು ಕೊಡುವ ಕಾರಣ, ಅದೂ ಎದುರಿಗಿರುವುದು ನಿಜವಾದ ಬಫಿ ಎಂದು ಗೊತ್ತಿಲ್ಲದೆ ಹೇಳಿದ ಮಾತು. ಮೆಚ್ಚಿಸಲು ಹೇಳಿದ್ದಲ್ಲ, ಹಾಗಾಗಿ ಅದರ ತೂಕ ಹೆಚ್ಚು. ಆದರೆ ಅದೇ ಕಂತಿನಲ್ಲಿ ಅವನು ಬಫಿಯಂತೆ ಕಾಣುವ ರೋಬಾಟ್ ಮಾಡಿಸಿಕೊಂಡು ತನ್ನ ಆಸೆ ತೀರಿಸಿಕೊಳ್ಳುತ್ತಿದ್ದಾನೆ! ಒಬ್ಬಳ ರೂಪವನ್ನು ಅವಳ ಒಪ್ಪಿಗೆಯಿಲ್ಲದೆ ಬಳಸುವವನೂ ಅವಳಿಗಾಗಿ ಸಾಯಲು ತಯಾರಾದವನೂ ಒಬ್ಬನೇ, ನಲವತ್ತು ಚಿಲ್ಲರೆ ನಿಮಿಷದೊಳಗೆ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಬೇಡಿ. ಎರಡನ್ನೂ ಒಂದೇ ಪುಟದಲ್ಲಿ ಬರೆಯಿರಿ.

6ನೇ ಸೀಸನ್‌ನ ‘ಸೀಯಿಂಗ್ ರೆಡ್’ನಲ್ಲಿ ಅವನು ಬಫಿಯ ಮೇಲೆ ಅತ್ಯಾಚಾರಕ್ಕೆ ಯತ್ನಿಸುತ್ತಾನೆ. ಈ ದೃಶ್ಯ ನೋಡಲು ಕಷ್ಟ, ಮರುನೋಟದಲ್ಲಿ ಇದನ್ನು ದಾಟಿಸಿ ಮುಂದೆ ಹೋಗುವವರನ್ನು ತಪ್ಪು ಅನ್ನಲಾರೆ. ಆದರೆ ಇದು ನಡೆದಿದೆ ಎಂಬುದನ್ನು ಮಾತ್ರ ಲೆಕ್ಕದಿಂದ ಬಿಡುವಂತಿಲ್ಲ. ಮುಂದಿನದು ಉದ್ದೇಶದ ದೃಷ್ಟಿಯಿಂದ ಕುತೂಹಲದ್ದು. ಅವನು ಆಫ್ರಿಕಾದ ಒಂದು ಗುಹೆಗೆ ಹೋಗಿ ಪರೀಕ್ಷೆಗಳಿಗೆ ಮೈಯೊಡ್ಡುತ್ತಾನೆ. ಮೊದಲ ಸಲ ನೋಡುವಾಗ ಅವನ ಮಾತುಗಳು, ಚಿಪ್ ತೆಗೆಸಿಕೊಂಡು ಸೇಡಿಗೆ ಬರುತ್ತಾನೆ ಅನ್ನಿಸುವಂತಿವೆ. ತಾನು ಮೊದಲಿದ್ದಂತಾಗಬೇಕು, ಬಫಿಗೆ ತಕ್ಕದ್ದು ಸಿಗಬೇಕು ಅನ್ನುತ್ತಾನೆ. ‘ಗ್ರೇವ್’ನ ಕೊನೆಯಲ್ಲಿ ಅವನಿಗೆ ಸಿಗುವುದು ಆತ್ಮ. ಈಗ ಹಿಂದೆ ಹೋಗಿ ಅವವೇ ಸಾಲುಗಳನ್ನು ಕೇಳಿ, ಪ್ರತಿಯೊಂದೂ ಎರಡೂ ಕಡೆಗೆ ಹೊರಳುತ್ತದೆ. ಬರಹಗಾರರು ಬೇಕೆಂದೇ ಹಾಗೆ ಬರೆದಿದ್ದಾರೆ. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಎಂದು ವಾದಿಸುವವರಿದ್ದಾರೆ, ಆದರೆ 7ನೇ ಸೀಸನ್‌ನ ‘ಬಿನೀತ್ ಯು’ ಕಂತಿನ ಚರ್ಚ್ ದೃಶ್ಯದ ನಂತರ ಆ ವಾದಕ್ಕೆ ನೆಲೆಯಿಲ್ಲ ಎಂಬುದು ನನ್ನ ಅಭಿಪ್ರಾಯ. ಏಂಜಲ್‌ಗೆ ಆತ್ಮ ಶಿಕ್ಷೆಯಾಗಿ ಬಂತು, ಸ್ಪೈಕ್ ಹುಡುಕಿಕೊಂಡು ಹೋದ. ಹಾಗೆಂದು ಹುಡುಕಿಕೊಂಡು ಹೋದದ್ದು ಆ ಸ್ನಾನದ ಕೋಣೆಯಲ್ಲಿ ನಡೆದದ್ದನ್ನು ತೊಳೆಯುವುದಿಲ್ಲ. ಅದಕ್ಕೆ ಕ್ಷಮೆ ಕೊಡುವ ಹಕ್ಕು ಬಫಿಯದು, ನಮ್ಮದಲ್ಲ.

ಒಬ್ಬರನ್ನೇ ಎರಡು ಕಡೆ ಇಟ್ಟು ನೋಡಿ

ಇದು ಚಿಕ್ಕ ಹೆಜ್ಜೆ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಜೈಲ್ಸ್‌ನ ಎರಡು ಕಂತುಗಳನ್ನು ಬೆನ್ನುಬೆನ್ನಿಗೆ ಹಾಕಿ. 3ನೇ ಸೀಸನ್‌ನ ‘ಹೆಲ್ಪ್‌ಲೆಸ್’ನಲ್ಲಿ ಅವನು ಮೇಲಿನವರ ಆಜ್ಞೆಯಂತೆ, ಬಫಿಗೆ ಹದಿನೆಂಟು ತುಂಬುವ ಹೊತ್ತಿಗೆ ಗುಟ್ಟಾಗಿ ಅವಳ ತೋಳಿಗೆ ಶಕ್ತಿ ಕುಂದಿಸುವ ಮದ್ದು ಚುಚ್ಚುತ್ತಾನೆ, ಸೂಜಿ ಹಿಡಿದವನ ಮುಖ ನೋಡಿ. ಕೊನೆಗೆ ತಾಳಲಾರದೆ ಸತ್ಯ ಹೇಳಿ, ತಂದೆಯಂತೆ ಅವಳನ್ನು ಪ್ರೀತಿಸುತ್ತಾನೆಂಬ ಕಾರಣಕ್ಕೆ ಕೆಲಸ ಕಳೆದುಕೊಳ್ಳುತ್ತಾನೆ. 5ನೇ ಸೀಸನ್‌ನ ಕೊನೆಯ ಕಂತು ‘ದ ಗಿಫ್ಟ್’ನಲ್ಲಿ ಅವನೇ, ಗ್ಲೋರಿಯ ದೇಹ ಹಂಚಿಕೊಂಡ ಮನುಷ್ಯ ಬೆನ್‌ನನ್ನು, ಬಫಿ ಜೀವ ಉಳಿಸಿಹೋದ ಮೇಲೆ, ಬಾಯಿಮೂಗು ಒತ್ತಿ ಕೊಲ್ಲುತ್ತಾನೆ. ದನಿ ಏರುವುದೇ ಇಲ್ಲ. ಅವಳು ಇದನ್ನು ಮಾಡುವವಳಲ್ಲ, ಆದ್ದರಿಂದ ನಾನು ಮಾಡಬೇಕು ಎಂಬ ಲೆಕ್ಕ. ಎರಡೂ ಕಡೆ ಪ್ರೀತಿಯಿದೆ, ಎರಡೂ ಕಡೆ ಅವಳಿಗೆ ಹೇಳದೆ ಮಾಡಿದ ಕೆಲಸವಿದೆ. ಮೊದಲನೆಯದಕ್ಕೆ ಆಜ್ಞೆಯ ನೆಪವಾದರೂ ಇತ್ತು, ಎರಡನೆಯದನ್ನು ಅವನೊಬ್ಬನೇ ಹೊತ್ತುಕೊಂಡ.

ಕಥೆಯ ಹೊರಗಿನ ಕಾರಣ

ಕೆಲವು ನಡೆಗಳಿಗೆ ಕಾರಣ ಕಥೆಯ ಹೊರಗಿರುತ್ತದೆ. 3ನೇ ಸೀಸನ್ ಕೊನೆಯಲ್ಲಿ ಏಂಜಲ್ ಬಫಿಯನ್ನು ಬಿಟ್ಟು ಹೋಗಲೇಬೇಕಿತ್ತು, ಅವನದೇ ಸರಣಿ ಶುರುವಾಗುವುದರಲ್ಲಿತ್ತು. ಹಾಗೆಂದು ‘ಅದು ಬರೀ ಟಿವಿಯವರ ಲೆಕ್ಕಾಚಾರ’ ಎಂದು ಅವನ ಉದ್ದೇಶವನ್ನು ತಳ್ಳಿಹಾಕಬೇಡಿ. ಹೊರಗಿನ ಒತ್ತಡಕ್ಕೆ ಕಥೆಯೊಳಗೆ ಬೆಲೆ ತೆತ್ತಿದ್ದಾರೆಯೇ ಎಂದು ನೋಡಿ. ಇಲ್ಲಿ ತೆತ್ತಿದ್ದಾರೆ. ‘ಚಾಯ್ಸಸ್’ನಲ್ಲಿ ಮೇಯರ್, ಮುಪ್ಪಾಗದವನ ಜೊತೆ ಅವಳಿಗೆಂಥ ಬದುಕು ಎಂದು ಅವನ ಮುಖಕ್ಕೇ ಹೇಳುತ್ತಾನೆ. ಮುಂದಿನ ಕಂತು ‘ದ ಪ್ರಾಮ್’ನಲ್ಲಿ ಬಫಿಯ ತಾಯಿ ಜಾಯ್ಸ್ ಅವನ ಮನೆಗೇ ಹೋಗಿ ಅದೇ ಮಾತನ್ನು ಮೆತ್ತಗೆ ಆಡುತ್ತಾಳೆ. ಶತ್ರು ಹೇಳಿದ್ದನ್ನು ತಾಯಿಯೂ ಹೇಳಿದಾಗ ಅವನು ಕುಸಿಯುತ್ತಾನೆ, ನಾವು ನಂಬುತ್ತೇವೆ. ಆದರೆ 4ನೇ ಸೀಸನ್‌ನಲ್ಲಿ ನಟ ಸೆತ್ ಗ್ರೀನ್ ಸರಣಿ ಬಿಟ್ಟದ್ದರಿಂದ ಅವನ ಪಾತ್ರ, ವಿಲೋಳ ಪ್ರಿಯಕರ ಆಜ್, ಹೋಗಬೇಕಾಯಿತು. ‘ವೈಲ್ಡ್ ಅಟ್ ಹಾರ್ಟ್’ ಒಂದೇ ಕಂತಿನಲ್ಲಿ ಎಲ್ಲ ಮುಗಿಸಿದ್ದಾರೆ, ಅವಸರ ಕಾಣುತ್ತದೆ. ಅಂಥ ಕಡೆ ಪಾತ್ರದ ಮೇಲೆ ತೀರ್ಪನ್ನು ಸ್ವಲ್ಪ ಸಡಿಲವಾಗಿಡಿ.

ಇನ್ನೊಬ್ಬರ ಜೊತೆ ನೋಡುವುದಾದರೆ

ಕಂತು ಮುಗಿದ ಕೂಡಲೆ ಮಾತಿಗಿಳಿಯಬೇಡಿ. ಇಬ್ಬರೂ ಮೊದಲು ತಮ್ಮ ತಮ್ಮ ಟಿಪ್ಪಣಿ ಬರೆಯಿರಿ, ಆಮೇಲೆ ಓದಿ ಹೇಳಿ. ಜೋರು ದನಿಯವರ ಅಭಿಪ್ರಾಯ ಇನ್ನೊಬ್ಬರ ನೆನಪನ್ನೇ ತಿದ್ದಿಬಿಡುತ್ತದೆ. ಮೊದಲ ಸಲ ನೋಡುತ್ತಿರುವವರು ಜೊತೆಗಿದ್ದರೆ ಅದು ಭಾಗ್ಯ. ಪಾತ್ರಕ್ಕೆ ಆ ಗಳಿಗೆಯಲ್ಲಿ ಎಷ್ಟು ಗೊತ್ತೋ ಅಷ್ಟೇ ಗೊತ್ತಿರುವ ಒಬ್ಬರು ಪಕ್ಕದಲ್ಲಿ ಕೂತಿದ್ದಾರೆ. ಅವರಿಗೆ ಮುಂದಿನದು ಹೇಳಬೇಡಿ, ನಗಬೇಡಿ, ನಿಟ್ಟುಸಿರು ಕೂಡ ಬಿಡಬೇಡಿ. ವಿಲೋಳ ಸುಳ್ಳು ಅವರಿಗೆ ಸುಳ್ಳೆನಿಸಿತೇ ಎಂದಷ್ಟೇ ಕೇಳಿ.

144 ಕಂತುಗಳಿಗೂ ಸಮಯವಿಲ್ಲ ಅನ್ನುವವರು ಒಂದು ಪಾತ್ರ ಆರಿಸಿಕೊಂಡು ಅದರ ಎಳೆಯನ್ನಷ್ಟೇ ಹಿಡಿದು ಹೋಗಬಹುದು. ಝ್ಯಾಂಡರ್‌ಗೆ ‘ಬಿಕಮಿಂಗ್’ನ ಎರಡೂ ಭಾಗ ಮತ್ತು ‘ಸೆಲ್ಫ್‌ಲೆಸ್’ ಸಾಕು. ವಿಲೋಗೆ ‘ಬಾರ್ಗೇನಿಂಗ್’ನಿಂದ ‘ಗ್ರೇವ್’ವರೆಗಿನ 6ನೇ ಸೀಸನ್ ಪೂರ್ತಿ ಬೇಕು, ಬಿಟ್ಟು ಬಿಟ್ಟು ನೋಡಿದರೆ ಅವಳು ಜಾರಿದ್ದು ಕಾಣುವುದಿಲ್ಲ. ಸ್ಪೈಕ್‌ಗೆ 5ನೇ ಸೀಸನ್‌ನ ‘ಫೂಲ್ ಫಾರ್ ಲವ್’ನಿಂದ ಶುರುಮಾಡಿ. 1880ರ ಲಂಡನ್ನಿನಲ್ಲಿ ಕೆಟ್ಟ ಕವಿತೆ ಬರೆದು ಎಲ್ಲರ ನಗೆಗೀಡಾದ ವಿಲಿಯಂ ಅಲ್ಲಿ ಸಿಗುತ್ತಾನೆ, ಮುಂದಿನ ಅವನ ಅರ್ಧ ನಡೆಗಳು ಆ ಅವಮಾನಕ್ಕೆ ಕೊಟ್ಟ ಉತ್ತರಗಳು. ಅಲ್ಲಿಂದ ‘ಇಂಟರ್ವೆನ್ಷನ್’, ‘ಆಫ್ಟರ್ ಲೈಫ್’, ‘ಸೀಯಿಂಗ್ ರೆಡ್’, ‘ಗ್ರೇವ್’, ‘ಬಿನೀತ್ ಯು’. ಫೇತ್‌ಗೆ ‘ಬ್ಯಾಡ್ ಗರ್ಲ್ಸ್’ ಮತ್ತು ಅದರ ಮುಂದಿನ ಕಂತು ‘ಕಾನ್ಸಿಕ್ವೆನ್ಸಸ್’, 4ನೇ ಸೀಸನ್‌ನ ‘ದಿಸ್ ಇಯರ್ಸ್ ಗರ್ಲ್’ ಮತ್ತು ‘ಹೂ ಆರ್ ಯು’, ಕೂಡಲೇ ಏಂಜಲ್ ಸರಣಿಯ ಆ ಎರಡು ಕಂತು. ಕನ್ನಡಿಯೆದುರು ಬಫಿಯ ಮುಖ ಹೊತ್ತು ಅಣಕವಾಡುತ್ತಿದ್ದವಳು, ‘ಹೂ ಆರ್ ಯು’ನ ಕೊನೆಯ ಹೊಡೆದಾಟದಲ್ಲಿ ತನ್ನದೇ ದೇಹವನ್ನು ಹೊಡೆಯುತ್ತಾ ಯಾರನ್ನು ಬೈಯುತ್ತಿದ್ದಾಳೆ ಎಂದು ಗಮನಿಸಿ. ‘ಫೈವ್ ಬೈ ಫೈವ್’ನ ಮಳೆಯ ದೃಶ್ಯಕ್ಕೆ ಬೇಕಾದ ಕೀಲಿಕೈ ಅದೇ.